ಇಲ್ಲದ ಇಳಿಜಾರು

ಕೋಳಿಕ್ಕೋಡಿನಿಂದ ಹೊರಟು, ವಯನಾಡಿನ ಘಾಟಿ ಹತ್ತಿ, ಗುಂಡ್ಲುಪೇಟೆ ಹಾದು ನಂಜನಗೂಡಿಗೆ ಬರುವ ರಾಷ್ಟ್ರೀಯ ಹೆದ್ದಾರಿ 766 ಕೊನೆಗೊಳ್ಳುವುದು ಕೊಳ್ಳೇಗಾಲದಲ್ಲಿ. ಅದಕ್ಕೂ ಮೊದಲು ಸಿಗುವ ಊರು ತಿರುಮಕೂಡಲು ನರಸೀಪುರ, ಜನರ ಬಾಯಲ್ಲಿ ಟಿ. ನರಸೀಪುರ. ನಕ್ಷೆ ಹರಡಿ ನೋಡಿದರೆ ನಂಜನಗೂಡಿಗೆ ನರಸೀಪುರ ಹೆಚ್ಚುಕಡಿಮೆ ಪೂರ್ವಕ್ಕಿದೆ. ಎರಡರ ನಡುವೆ ನೇರ ರಸ್ತೆಯೂ ಇದೆ. ಆದರೂ ಹೆದ್ದಾರಿ ಆ ದಾರಿ ಹಿಡಿಯದೆ ಉತ್ತರಕ್ಕೆ ತಿರುಗಿ ಮೈಸೂರಿಗೆ ಹೋಗುತ್ತದೆ, ಅಲ್ಲಿಂದ ಮತ್ತೆ ಪೂರ್ವಕ್ಕೆ ಹೊರಳಿ ನರಸೀಪುರ ಮುಟ್ಟುತ್ತದೆ. ಮೂರು ಊರು, ಮೂರು ಬದಿ, ಒಂದೊಂದು ಬದಿಯೂ ಇಪ್ಪತ್ತೈದು ಮೂವತ್ತು ಕಿಲೋಮೀಟರಿನ ಆಸುಪಾಸು. ಹೆದ್ದಾರಿ ಎರಡು ಬದಿಯನ್ನು ತನ್ನದಾಗಿ ಮಾಡಿಕೊಂಡು ಮೂರನೆಯದನ್ನು ಬಿಟ್ಟಿದೆ. ಇದೇ ತ್ರಿಕೋನದಲ್ಲಿ ಕಬಿನಿಯ ಲೆಕ್ಕವೇ ಬೇರೆ. ನಂಜನಗೂಡಿನವರು ಕಪಿಲೆ ಎಂದು ಕರೆಯುವ ಈ ಹೊಳೆ, ಊರ ಬಳಿ ಗುಂಡ್ಲು ಹೊಳೆಯನ್ನು ಕೂಡಿಸಿಕೊಂಡು, ಮೈಸೂರಿನ ಕಡೆ ಮುಖ ಕೂಡ ತಿರುಗಿಸದೆ, ಹೆದ್ದಾರಿ ಬಿಟ್ಟ ಆ ಮೂರನೆಯ ಬದಿಯನ್ನೇ ಹಿಡಿದು ನರಸೀಪುರದಲ್ಲಿ ಕಾವೇರಿ ಸೇರುತ್ತದೆ. ಹೆದ್ದಾರಿ ಮಾಡಿದವರಿಗೆ ಮೈಸೂರು ಕೇಂದ್ರ, ನೀರಿಗೆ ಸಮುದ್ರ ಕೇಂದ್ರ. ಯಾವುದನ್ನು ‘ಕೆಳಗು’ ಎಂದು ಒಪ್ಪುತ್ತೀರಿ ಎನ್ನುವುದರ ಮೇಲೆ ಯಾವ ಬದಿ ಮುಖ್ಯದಾರಿ, ಯಾವುದು ಒಳದಾರಿ ಎನ್ನುವುದು ತೀರ್ಮಾನವಾಗುತ್ತದೆ. ಕಂಪ್ಯೂಟರ್ ಜಾಲದ ಸ್ವಿಚ್ಚುಗಳು ತಮ್ಮ ಯಾವ ಕಿಂಡಿಗೆ, ಅಂದರೆ ಪೋರ್ಟಿಗೆ, ಯಾವ ಕೆಲಸ ಎಂದು ಗೊತ್ತುಮಾಡುವ ಸ್ಪ್ಯಾನಿಂಗ್ ಟ್ರೀ ವಿಧಾನವನ್ನು ಅರಿಯಲು ನನಗೆ ಇದಕ್ಕಿಂತ ಒಳ್ಳೆಯ ನಕ್ಷೆ ಕಾಣುವುದಿಲ್ಲ.

ಲೆಕ್ಕಕ್ಕೆಂದು ಒಂದು ಜಾಲ ಕಟ್ಟಿಕೊಳ್ಳೋಣ. ಮೂರು ಊರಲ್ಲೂ ಒಂದೊಂದು ಈಥರ್ನೆಟ್ ಸ್ವಿಚ್, ಮೂರು ಬದಿಗೂ ಒಂದೊಂದು ಫೈಬರ್ ಕೇಬಲ್. ಮೂರನೆಯ ಕೇಬಲ್ ಯಾಕೆ ಬೇಕು ಎಂದರೆ, ಎರಡರಲ್ಲಿ ಒಂದನ್ನು ಜೆಸಿಬಿ ಅಗೆದು ಹಾಕಿದ ದಿನಕ್ಕೆ. ಆದರೆ ಆ ಮೂರನೆಯ ಕೇಬಲ್ ಸಿಕ್ಕಿಸಿದ ಗಳಿಗೆಯಲ್ಲೇ ಜಾಲ ಕುಸಿಯುತ್ತದೆ. ಸ್ವಿಚ್ ಬಹಳ ಸರಳ ಬುದ್ಧಿಯ ಯಂತ್ರ. ಯಾವ ಕಂಪ್ಯೂಟರ್ ತನ್ನ ಯಾವ ಪೋರ್ಟಿನ ಕಡೆಗಿದೆ ಎಂಬುದನ್ನು ಬಂದ ಫ್ರೇಮುಗಳನ್ನು, ಅಂದರೆ ಮಾಹಿತಿಯ ಕಂತೆಗಳನ್ನು, ನೋಡಿ ಕಲಿಯುತ್ತದೆ. ಗೊತ್ತಿಲ್ಲದ ವಿಳಾಸದ ಫ್ರೇಮನ್ನೂ, ಎಲ್ಲರಿಗೂ ಎಂದು ಕಳಿಸಿದ ಫ್ರೇಮನ್ನೂ ಬಂದ ಪೋರ್ಟೊಂದನ್ನು ಬಿಟ್ಟು ಉಳಿದೆಲ್ಲ ಪೋರ್ಟುಗಳಿಗೆ ಸುರಿಯುತ್ತದೆ. ನಂಜನಗೂಡಿನ ಒಂದು ಕಂಪ್ಯೂಟರ್ ‘ಈ ವಿಳಾಸ ಯಾರದು?’ ಎಂದು ಕೂಗಿದರೆ ಆ ಕೂಗು ಮೈಸೂರಿಗೂ ನರಸೀಪುರಕ್ಕೂ ಹೋಗುತ್ತದೆ. ಮೈಸೂರು ಅದನ್ನು ನರಸೀಪುರಕ್ಕೆ ಕಳಿಸುತ್ತದೆ, ನರಸೀಪುರ ಮೈಸೂರಿಗೆ, ಮತ್ತೆ ಎರಡೂ ನಂಜನಗೂಡಿಗೆ. ಒಂದು ಪ್ರತಿ ಬಲಕ್ಕೆ, ಒಂದು ಎಡಕ್ಕೆ, ದೇವಸ್ಥಾನದ ಪ್ರದಕ್ಷಿಣೆ ಅಪ್ರದಕ್ಷಿಣೆ ಎರಡೂ ಒಟ್ಟಿಗೆ ನಡೆದ ಹಾಗೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಎಂಬತ್ತು ಚಿಲ್ಲರೆ ಕಿಲೋಮೀಟರಿನ ಈ ಸುತ್ತನ್ನು ಒಂದು ಫ್ರೇಮ್ ಸೆಕೆಂಡಿಗೆ ಎರಡು ಸಾವಿರ ಸಲ ಮುಗಿಸುತ್ತದೆ. ಪ್ರತಿ ಸುತ್ತಿನಲ್ಲೂ ಮೂರೂ ಊರಿನ ಎಲ್ಲ ಕಂಪ್ಯೂಟರಿಗೂ ಅದೇ ಪ್ರಶ್ನೆ ಮತ್ತೆ ತಲುಪುತ್ತದೆ. ಅಂಚೆಯಂತೆ ಊರಿಂದೂರಿಗೆ ಹೋಗುವ ಐಪಿ ಪೊಟ್ಟಣಕ್ಕೆ ಹುಟ್ಟುವಾಗಲೇ ಆಯಸ್ಸು ಬರೆದಿರುತ್ತದೆ. ಒಂದೊಂದು ರೂಟರ್ ದಾಟಿದಾಗಲೂ ಒಂದು ಕಳೆದು, ಸೊನ್ನೆಯಾದರೆ ಅದನ್ನು ಎಸೆಯುತ್ತಾರೆ. ಈಥರ್ನೆಟ್ ಫ್ರೇಮಿಗೆ ಅಂಥ ಆಯಸ್ಸಿನ ಅಂಕಣವೇ ಇಲ್ಲ. ಸಾವಿಲ್ಲದ ಆ ಫ್ರೇಮಿನ ಜೊತೆಗೆ ಇನ್ನೊಂದು, ಮತ್ತೊಂದು ಸೇರಿ ಕೇಬಲ್ ತುಂಬಿಕೊಳ್ಳುತ್ತದೆ. ಒಬ್ಬನೇ ಮನುಷ್ಯ ಕ್ಷಣಕ್ಕೊಂದು ದಿಕ್ಕಿನಿಂದ ಮಾತಾಡಿದಂತೆ ಕೇಳಿಸುವುದರಿಂದ ಸ್ವಿಚ್ ಕಲಿತ ವಿಳಾಸಪಟ್ಟಿಯೂ ಕೆಡುತ್ತದೆ. ಇದಕ್ಕೆ ಬ್ರಾಡ್‌ಕಾಸ್ಟ್ ಬಿರುಗಾಳಿ ಎಂದು ಹೆಸರು. ಮೂರು ಸ್ವಿಚ್ಚಿನ ತ್ರಿಕೋನದಲ್ಲಿ ಪ್ರತಿಗಳು ಸುತ್ತುತ್ತವೆ ಅಷ್ಟೆ. ಒಳಗೆ ಅಡ್ಡ ಕೇಬಲ್ಲುಗಳಿರುವ ದೊಡ್ಡ ಜಾಲದಲ್ಲಿ ಪ್ರತಿ ತಿರುವಿನಲ್ಲೂ ಒಂದು ಎರಡಾಗಿ ಹೆಚ್ಚುತ್ತ ಹೋಗುತ್ತವೆ.

ಈ ರೋಗಕ್ಕೆ 1985ರಲ್ಲಿ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿದ್ದ ರೇಡಿಯಾ ಪರ್ಲ್‌ಮನ್ ಮದ್ದು ಕೊಟ್ಟರು. 1990ರಲ್ಲಿ ಅದು 802.1ಡಿ ಎಂಬ ಮಾನದಂಡವಾಯಿತು. ‘ಸ್ಪ್ಯಾನಿಂಗ್ ಟ್ರೀ ಜಾಲದಲ್ಲಿರುವ ಸುತ್ತುಗಳನ್ನು ಹುಡುಕಿ ಕತ್ತರಿಸುತ್ತದೆ’ ಎಂದು ಪಾಠ ಹೇಳುವವರು ಸಾಮಾನ್ಯವಾಗಿ ಹೇಳುತ್ತಾರೆ. ಫಲಿತಾಂಶದ ಮಟ್ಟಿಗೆ ಇದು ಸರಿ, ನಡೆಯುವ ಕ್ರಮದ ಮಟ್ಟಿಗೆ ತಪ್ಪು. ಈ ವಿಧಾನ ಎಲ್ಲಿಯೂ ಸುತ್ತನ್ನು ಹುಡುಕುವುದಿಲ್ಲ. ಹುಡುಕಬೇಕಾದರೆ ಇಡೀ ಜಾಲದ ನಕ್ಷೆ ಯಾರ ಕೈಯಲ್ಲಾದರೂ ಇರಬೇಕು, ಇಲ್ಲಿ ಯಾರ ಕೈಯಲ್ಲೂ ಇಲ್ಲ. ತ್ರಿಕೋನದಲ್ಲಿದ್ದೇನೆಂಬುದು ನಂಜನಗೂಡಿನ ಸ್ವಿಚ್ಚಿಗೆ ಕೊನೆವರೆಗೂ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ಪಕ್ಕದವರು ಹೇಳಿದ ಮೂರು ನಾಲ್ಕು ಅಂಕಿಗಳು ಮಾತ್ರ. ಆ ಅಂಕಿಗಳಿಂದ ಸ್ವಿಚ್ಚುಗಳು ಕಟ್ಟಿಕೊಳ್ಳುವುದು ಒಂದು ಇಳಿಜಾರನ್ನು. ಕಬಿನಿ ಬೀಚನಹಳ್ಳಿಯ ಅಣೆಕಟ್ಟಿನಿಂದ ನರಸೀಪುರದವರೆಗೆ ಎಷ್ಟು ಬಳುಕಿದರೂ ತನ್ನ ಬಾಲವನ್ನು ತಾನೇ ಕಚ್ಚುವುದಿಲ್ಲ. ಹಾಗೆ ಕಚ್ಚಬಾರದೆಂದು ಅದನ್ನು ಕಾಯುವವರಿಲ್ಲ. ಪ್ರತಿ ಹೆಜ್ಜೆಗೂ ಕೆಳಗಿಳಿಯುವ ನೀರು ಹೊರಟ ಜಾಗಕ್ಕೆ ಮರಳಲಾರದು, ಅಷ್ಟೇ ಕಾರಣ. ಕೇಬಲ್ಲಿನಲ್ಲಿ ಮೇಲು ಕೆಳಗಿಲ್ಲ. ಪರ್ಲ್‌ಮನ್ ಮಾಡಿದ್ದು ಇಲ್ಲದ ಇಳಿಜಾರನ್ನು ಅಂಕಿಗಳಲ್ಲಿ ಕಟ್ಟುವ ಕೆಲಸ. ಪೋರ್ಟುಗಳ ಪಾತ್ರಗಳೆಲ್ಲ ಅದರಿಂದ ತಾವಾಗಿ ಹೊರಡುತ್ತವೆ.

ಇಳಿಜಾರಿಗೆ ಮೊದಲು ಬೇಕಾದದ್ದು ತಳ, ಎಲ್ಲರೂ ಒಪ್ಪುವ ಒಂದು ಸಮುದ್ರ. ಅದಕ್ಕೆ ರೂಟ್ ಸ್ವಿಚ್ ಎಂದು ಹೆಸರು. ಪ್ರತಿ ಸ್ವಿಚ್ಚಿಗೂ ಎಂಟು ಬೈಟಿನ ಒಂದು ಗುರುತಿನ ಸಂಖ್ಯೆ ಇರುತ್ತದೆ. ಮೊದಲ ಎರಡು ಬೈಟಿನಲ್ಲಿ ನಾವು ಬದಲಿಸಬಹುದಾದ ಆದ್ಯತೆ, ಉಳಿದ ಆರರಲ್ಲಿ ಕಾರ್ಖಾನೆಯಲ್ಲೇ ಬರೆದ ಮ್ಯಾಕ್ ವಿಳಾಸ. ಅತಿ ಚಿಕ್ಕ ಸಂಖ್ಯೆಯವನು ರೂಟ್. ವಿದ್ಯುತ್ ಬಂದ ಕೂಡಲೆ ಮೂರೂ ಸ್ವಿಚ್ಚುಗಳು ‘ನಾನೇ ರೂಟ್’ ಎಂದು ಸಾರುತ್ತವೆ. ಬಿಪಿಡಿಯು ಎಂಬ ಆ ಚಿಕ್ಕ ಸಂದೇಶದಲ್ಲಿ ಮುಖ್ಯವಾಗಿ ನಾಲ್ಕು ಅಂಕಿ: ನಾನು ರೂಟ್ ಎಂದು ನಂಬಿರುವವನ ಗುರುತು, ಅವನವರೆಗೆ ನನಗೆ ತಗಲುವ ವೆಚ್ಚ, ನನ್ನ ಗುರುತು, ಈ ಸಂದೇಶ ಹೊರಟ ನನ್ನ ಪೋರ್ಟಿನ ಗುರುತು. ಎರಡು ಸಂದೇಶಗಳನ್ನು ಹೋಲಿಸುವಾಗ ಈ ಕ್ರಮದಲ್ಲೇ ಹೋಲಿಸಬೇಕು, ಮೊದಲು ಎಲ್ಲಿ ವ್ಯತ್ಯಾಸ ಕಂಡರೂ ಚಿಕ್ಕದು ಗೆದ್ದಂತೆ. ತನಗಿಂತ ಚಿಕ್ಕ ಸಂಖ್ಯೆಯ ರೂಟ್ ಇದ್ದಾನೆಂದು ಕೇಳಿದವನು ತನ್ನ ಹಕ್ಕು ಬಿಟ್ಟು ಆ ಹೆಸರನ್ನೇ ಮುಂದೆ ಸಾರುತ್ತಾನೆ. ಮೈಸೂರಿಗೆ ಆದ್ಯತೆ 4096 ಎಂದು ಹಾಕಿ, ಉಳಿದೆರಡನ್ನು ಕಾರ್ಖಾನೆಯಿಂದ ಬಂದ 32768ರಲ್ಲೇ ಬಿಟ್ಟರೆ ಎರಡು ಸುತ್ತಿನ ಮಾತುಕತೆಯಲ್ಲಿ ಮೈಸೂರೇ ರೂಟ್ ಎಂದು ಮೂವರೂ ಒಪ್ಪುತ್ತಾರೆ. ಇನ್ನು ಎತ್ತರ. ರೂಟ್‌ನಿಂದ ಎಷ್ಟು ವೆಚ್ಚದ ದೂರದಲ್ಲಿದ್ದೀರೋ ಅದೇ ನಿಮ್ಮ ಎತ್ತರ. 1990ರ ದಶಕದ ಕೋಷ್ಟಕದಲ್ಲಿ 10 ಮೆಗಾಬಿಟ್ ಕೇಬಲ್ಲಿಗೆ ವೆಚ್ಚ 100, 100 ಮೆಗಾಬಿಟ್ಟಿಗೆ 19, ಒಂದು ಗಿಗಾಬಿಟ್ಟಿಗೆ 4. ವೇಗ ಹೆಚ್ಚಿದಷ್ಟೂ ವೆಚ್ಚ ಕಡಿಮೆ. ಕೇಬಲ್ಲಿನ ಉದ್ದ ಲೆಕ್ಕಕ್ಕೇ ಇಲ್ಲ.

ಈಗ ಪಾತ್ರಗಳು. ರೂಟ್ ಅಲ್ಲದ ಪ್ರತಿ ಸ್ವಿಚ್ಚೂ ರೂಟ್ ಕಡೆಗೆ ಅತಿ ಕಡಿಮೆ ವೆಚ್ಚದಲ್ಲಿ ಒಯ್ಯುವ ಒಂದೇ ಒಂದು ಪೋರ್ಟನ್ನು ಆರಿಸುತ್ತದೆ. ಅದು ರೂಟ್ ಪೋರ್ಟ್, ಹೊಳೆಯ ಭಾಷೆಯಲ್ಲಿ ನೀರು ಇಳಿದುಹೋಗುವ ದಿಕ್ಕು. ಪ್ರತಿ ಕೇಬಲ್ಲಿಗೂ ಎರಡು ತುದಿ ಇದೆಯಲ್ಲ, ಆ ಎರಡರಲ್ಲಿ ರೂಟಿಗೆ ಹತ್ತಿರವಿರುವ ತುದಿ ಡೆಸಿಗ್ನೇಟೆಡ್ ಪೋರ್ಟ್. ಆ ಕೇಬಲ್ಲಿನ ಕಡೆಯಿಂದ ಬಂದದ್ದನ್ನು ರೂಟ್ ಕಡೆಗೆ ದಾಟಿಸುವ ಹೊಣೆ ಅದರದು. ಎರಡೂ ಪಾತ್ರ ಸಿಗದೆ, ಆದರೆ ರೂಟಿಗೆ ಹೋಗುವ ಇನ್ನೊಂದು ದಾರಿಯಾಗಿ ಉಳಿದ ಪೋರ್ಟ್ ಆಲ್ಟರ್ನೇಟ್. ಅದು ಮುಚ್ಚಿರುತ್ತದೆ. ಬ್ಯಾಕಪ್ ಎಂಬ ಇನ್ನೊಂದು ಪಾತ್ರವಿದೆ, ಅದು ಕೊನೆಗಿರಲಿ. ಮೂರೂ ಕೇಬಲ್ ಒಂದು ಗಿಗಾಬಿಟ್ಟಿನವಾದರೆ ನಂಜನಗೂಡಿಗೂ ನರಸೀಪುರಕ್ಕೂ ಮೈಸೂರಿನ ವೆಚ್ಚ ತಲಾ 4, ಇಬ್ಬರ ರೂಟ್ ಪೋರ್ಟೂ ಮೈಸೂರಿನ ಕಡೆ. ಮೈಸೂರಿನ ಎರಡೂ ಪೋರ್ಟ್ ಡೆಸಿಗ್ನೇಟೆಡ್. ಉಳಿದದ್ದು ಕಬಿನಿಯ ಬದಿಯ ಕೇಬಲ್. ಅದರ ಎರಡು ತುದಿಯೂ ಸಮಾನ ಎತ್ತರದಲ್ಲಿವೆ. ವೆಚ್ಚದಲ್ಲಿ ಸಮ ಬಂದುದರಿಂದ ಚಿಕ್ಕ ಗುರುತಿನವನು ಗೆಲ್ಲುತ್ತಾನೆ. ನಂಜನಗೂಡಿನ ಸಂಖ್ಯೆ ಚಿಕ್ಕದೆಂದುಕೊಂಡರೆ ಅದರ ತುದಿ ಡೆಸಿಗ್ನೇಟೆಡ್, ನರಸೀಪುರದ ತುದಿ ಆಲ್ಟರ್ನೇಟ್. ಇಡೀ ತ್ರಿಕೋನದಲ್ಲಿ ಆರು ತುದಿಗಳಿವೆ, ಮುಚ್ಚಿದ್ದು ಒಂದೇ. ಹೆದ್ದಾರಿ 766 ಮಾಡಿದ ಆಯ್ಕೆಯೇ ಇಲ್ಲೂ ಬಂತು. ಇನ್ನು ಮೈಸೂರು–ನರಸೀಪುರ ಕೇಬಲ್ ಮಾತ್ರ ಹಳೆಯ 100 ಮೆಗಾಬಿಟ್ಟಿನದು ಎನ್ನಿ. ನೇರ ಹೋದರೆ ನರಸೀಪುರಕ್ಕೆ ವೆಚ್ಚ 19, ನಂಜನಗೂಡಿನ ಮೂಲಕ ಹೋದರೆ 4 ಮತ್ತು 4, ಒಟ್ಟು 8. ನರಸೀಪುರ ತನ್ನ ರೂಟ್ ಪೋರ್ಟನ್ನು ನಂಜನಗೂಡಿನ ಕಡೆ ತಿರುಗಿಸಿ, ಮೈಸೂರಿನ ನೇರ ದಾರಿಯನ್ನು ಮುಚ್ಚುತ್ತದೆ. ಹೊಳೆಯ ಬದಿ ತೆರೆದುಕೊಂಡಿತು. ಬದಲಾದದ್ದು ಒಂದೇ ಅಂಕಿ.

ಚುರುಕು ಓದುಗರು ಇಲ್ಲಿ ಒಂದು ತಕರಾರು ತೆಗೆಯಬಹುದು, ತೆಗೆಯಲೇಬೇಕು. ಇಳಿಜಾರಿದ್ದರೆ ಸುತ್ತಿಲ್ಲ ಎನ್ನುವುದಾದರೆ ಶ್ರೀರಂಗಪಟ್ಟಣ ಏನು? ಅಲ್ಲಿ ಕಾವೇರಿ ಎರಡಾಗಿ ಒಡೆದು ಊರನ್ನು ಬಳಸಿ ಮತ್ತೆ ಒಂದಾಗುತ್ತದೆ. ನಕ್ಷೆಯ ಮೇಲೆ ಅದು ಸ್ಪಷ್ಟವಾದ ಸುತ್ತು. ಎರಡು ಕವಲಲ್ಲೂ ನೀರಿದೆ, ಯಾವ ಕವಲನ್ನೂ ಯಾರೂ ಮುಚ್ಚಿಲ್ಲ. ಹಾಗಿದ್ದ ಮೇಲೆ ಸ್ವಿಚ್ಚುಗಳು ಮಾತ್ರ ಒಂದು ಬದಿಯನ್ನು ಮುಚ್ಚಬೇಕೇಕೆ? ಉತ್ತರ ಹರಿವಿನ ಸ್ವಭಾವದಲ್ಲಿದೆ. ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಒಂದು ಕವಲಿಗೆ ಬಿದ್ದ ಎಲೆ ಸಂಗಮದವರೆಗೆ ಇಳಿದು ಮುಂದೆ ಹೋಗುತ್ತದೆ, ಇನ್ನೊಂದು ಕವಲನ್ನು ಹತ್ತಿ ಹಿಂದಕ್ಕೆ ಬರುವುದಿಲ್ಲ. ಫ್ರೇಮ್ ಹಾಗಲ್ಲ. ಅದು ರೂಟ್ ಕಡೆಗೂ ಇಳಿಯುತ್ತದೆ, ರೂಟಿನಿಂದ ಕಡೆಯ ಕಂಪ್ಯೂಟರಿನವರೆಗೂ ಹತ್ತುತ್ತದೆ. ಅಷ್ಟೇ ಅಲ್ಲ, ಕವಲು ಬಂದಲ್ಲಿ ಎಲೆ ಒಂದೇ ಉಳಿದರೆ ಫ್ರೇಮ್ ಎರಡಾಗುತ್ತದೆ. ಎರಡು ಪ್ರತಿಗಳು ಎರಡು ಕವಲಲ್ಲಿ ಇಳಿದು ಸಂಗಮದಲ್ಲಿ ಎದುರಾಗಿ, ಒಂದು ಇನ್ನೊಂದರ ಕವಲನ್ನು ಹತ್ತಿದರೆ ಅದೇ ಬಿರುಗಾಳಿ. ಹೊಳೆಯಲ್ಲಿ ಇಳಿಜಾರೊಂದೇ ಸಾಕು. ಎರಡು ದಿಕ್ಕಿಗೂ ಹರಿಯುವ, ಕವಲಲ್ಲಿ ಹೆಚ್ಚುವ ಫ್ರೇಮಿಗೆ ಇಳಿಜಾರು ದಾರಿ ತೋರಿಸಬೇಕು, ಮೇಲಾಗಿ ಕವಲನ್ನೂ ಕಳೆಯಬೇಕು. ‘ಒಬ್ಬನಿಗೆ ಒಂದೇ ರೂಟ್ ಪೋರ್ಟ್’ ಎಂಬ ನಿಯಮ ಮಾಡುವುದು ಆ ಎರಡನೆಯ ಕೆಲಸವನ್ನು. ಎಷ್ಟೇ ಸ್ವಿಚ್ಚುಗಳಿರಲಿ, ರೂಟೊಂದನ್ನು ಬಿಟ್ಟು ತಲೆಗೊಂದು ರೂಟ್ ಪೋರ್ಟ್, ಹಾಗಾಗಿ ಸ್ವಿಚ್ಚುಗಳ ನಡುವೆ ಬದುಕಿರುವ ಕೇಬಲ್ಲುಗಳ ಸಂಖ್ಯೆ ಸ್ವಿಚ್ಚುಗಳಿಗಿಂತ ಒಂದು ಕಡಿಮೆ. ಯಾವ ಸ್ವಿಚ್ಚಿನಿಂದ ರೂಟ್ ಪೋರ್ಟ್ ಹಿಡಿದು ಹೊರಟರೂ ವೆಚ್ಚ ಪ್ರತಿ ಹೆಜ್ಜೆಗೂ ಇಳಿಯುತ್ತ ಕೊನೆಗೆ ರೂಟ್ ಮುಟ್ಟಲೇಬೇಕು. ಎಲ್ಲರೂ ಕೂಡಿರುವ, ಒಂದು ಕೇಬಲ್ಲೂ ಹೆಚ್ಚಿಲ್ಲದ ಈ ಆಕಾರಕ್ಕೆ ಗಣಿತದಲ್ಲಿ ಮರ ಎಂದು ಹೆಸರು.

ಮರವೆಂದ ಕೂಡಲೆ ಅತಿ ಅಗ್ಗದ ಮರ ಎಂದು ತಿಳಿಯುವವರಿದ್ದಾರೆ. ಕನಿಷ್ಠ ತಂತಿಯಲ್ಲಿ ಎಲ್ಲ ಊರನ್ನೂ ಕೂಡಿಸುವುದು ಹೇಗೆ ಎಂಬ ಪ್ರಶ್ನೆಯನ್ನು 1926ರಲ್ಲಿ ಬಿಡಿಸಿದ್ದು ಚೆಕ್ ಗಣಿತಜ್ಞ ಒಟಾಕರ್ ಬೊರುವ್ಕ. ಮೊರಾವಿಯಾದ ವಿದ್ಯುತ್ ಜಾಲಕ್ಕಾಗಿ ಆ ಲೆಕ್ಕ ಬೇಕಾಗಿತ್ತು. (ಮೈಸೂರಿನಿಂದ 1891ರಲ್ಲಿ ನಂಜನಗೂಡಿಗೆ ಬಂದಿದ್ದ ರೈಲು ಚಾಮರಾಜನಗರಕ್ಕೆ ಮುಂದುವರಿದದ್ದೂ 1926ರಲ್ಲೇ. ಅಲ್ಲಿಗೇ ನಿಂತ ಆ ಹಳಿ ಇಂದಿಗೂ ಮರದ ಒಂದು ಎಲೆ. ನರಸೀಪುರಕ್ಕಂತೂ ಹಳಿಯೇ ಇಲ್ಲ.) ಸ್ವಿಚ್ಚುಗಳ ಮರ ಬೊರುವ್ಕನ ಮರವಲ್ಲ. ಮೈಸೂರು–ನಂಜನಗೂಡು 4, ನಂಜನಗೂಡು–ನರಸೀಪುರ 4, ಮೈಸೂರು–ನರಸೀಪುರ 6 ಎಂದು ಕೈಯಾರೆ ವೆಚ್ಚ ಹಾಕಿ ನೋಡಿ. ಬೊರುವ್ಕ ಮೊದಲ ಎರಡನ್ನು ಉಳಿಸಿ ಒಟ್ಟು 8ಕ್ಕೆ ಕೆಲಸ ಮುಗಿಸುತ್ತಾನೆ. ನರಸೀಪುರದ ಸ್ವಿಚ್ ಒಟ್ಟು ಲೆಕ್ಕ ನೋಡುವುದಿಲ್ಲ. ತನಗೆ ಒಂದು ಕಡೆ 8, ಇನ್ನೊಂದು ಕಡೆ 6 ಎಂದಾಗ 6 ಹಿಡಿಯುತ್ತದೆ, ಉಳಿದ ಮರದ ಒಟ್ಟು 10 ಆಗುತ್ತದೆ. ಎಲ್ಲರ ಒಟ್ಟು ಲಾಭವನ್ನು ಯಾರಾದರೂ ಮೇಲಿನಿಂದ ನೋಡಿ ಹಂಚಬೇಕು. ಇಲ್ಲಿ ಪ್ರತಿಯೊಬ್ಬನೂ ರೂಟಿಗೆ ತನ್ನ ಹತ್ತಿರದ ದಾರಿಯನ್ನಷ್ಟೇ ನೋಡಿಕೊಳ್ಳುತ್ತಾನೆ. ನಕ್ಷೆ ಇಲ್ಲದವರಿಂದ ಕೇಳಬಹುದಾದದ್ದು ಅಷ್ಟೆ, ನೀರು ಮಾಡುವುದೂ ಅಷ್ಟೆ.

ಹೆಚ್ಚಿನವರ ನಿಜವಾದ ಆಕ್ಷೇಪ ಬೇರೆ: ದುಡ್ಡು ಕೊಟ್ಟು ಎಳೆದ ಕೇಬಲ್ ಸುಮ್ಮನೆ ಬಿದ್ದಿದೆಯಲ್ಲ! ನಂಜನಗೂಡಿನಿಂದ ಪಕ್ಕದ ನರಸೀಪುರಕ್ಕೆ ಹೋಗಬೇಕಾದ ಕಡತ ಮೈಸೂರು ಸುತ್ತಿ ಹೋಗುತ್ತದೆ, ನೇರ ದಾರಿ ಖಾಲಿ. ಇದು ನ್ಯಾಯವಾದ ಆಕ್ಷೇಪ, ಮರದ ಆಕಾರಕ್ಕೇ ಹುಟ್ಟಿನಿಂದ ಬಂದ ದೋಷ. ಆದರೆ ‘ಸುಮ್ಮನೆ ಬಿದ್ದಿದೆ’ ಎನ್ನುವ ಮಾತು ತಪ್ಪು. ಮುಚ್ಚಿದ ಆಲ್ಟರ್ನೇಟ್ ಪೋರ್ಟ್ ಕಡತಗಳನ್ನು ದಾಟಿಸುವುದಿಲ್ಲ, ಅಷ್ಟೆ. ನಂಜನಗೂಡಿನ ಡೆಸಿಗ್ನೇಟೆಡ್ ತುದಿ ಎರಡು ಸೆಕೆಂಡಿಗೊಮ್ಮೆ ಕಳಿಸುವ ಬಿಪಿಡಿಯುವನ್ನು ನರಸೀಪುರದ ಪೋರ್ಟ್ ಒಂದೂ ಬಿಡದೆ ಕೇಳುತ್ತಿರುತ್ತದೆ. ರೂಟ್ ಯಾರು, ಈ ದಾರಿಯ ವೆಚ್ಚ ಎಷ್ಟು ಎಂಬುದು ಅದಕ್ಕೆ ಪ್ರತಿ ಗಳಿಗೆಯೂ ಗೊತ್ತು. ತೂಬು ಮುಚ್ಚಿದೆ, ತೂಬಿನ ಹಿಂದೆ ನೀರು ನಿಂತಿದೆ. 2019ರ ಆಗಸ್ಟಿನಲ್ಲಿ ಕಬಿನಿ ಉಕ್ಕಿ ನಂಜನಗೂಡಿನ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೆ ನೀರು ಹರಿದಾಗ ವಾಹನಗಳನ್ನು ಬೇರೆ ದಾರಿಗಳಿಗೆ ತಿರುಗಿಸಿದರು. ಆ ದಾರಿಗಳು ಆ ದಿನ ಹುಟ್ಟಿದವಲ್ಲ. ಹಳೆಯ ಸ್ಪ್ಯಾನಿಂಗ್ ಟ್ರೀ ಮಾತ್ರ ಇಂಥ ತಿರುವಿನಲ್ಲಿ ಬಹಳ ಅಳುಕುತ್ತಿತ್ತು. ಹಳೆಯ ಸುದ್ದಿ ಹಳಸಿತೆಂದು ನಂಬಲು 20 ಸೆಕೆಂಡ್, ಆಲಿಸಲು 15, ವಿಳಾಸ ಕಲಿಯಲು ಇನ್ನೂ 15, ಒಟ್ಟು 50 ಸೆಕೆಂಡಿನವರೆಗೆ ಜಾಲ ನಿಂತಿರುತ್ತಿತ್ತು. 2001ರಲ್ಲಿ ಬಂದ ರ‍್ಯಾಪಿಡ್ ಸ್ಪ್ಯಾನಿಂಗ್ ಟ್ರೀ ಈ ಅಳುಕನ್ನು ತೆಗೆಯಿತು. ಪೋರ್ಟಿನ ‘ಪಾತ್ರ’ ಬೇರೆ, ಅದರ ‘ಸ್ಥಿತಿ’ ಬೇರೆ ಎಂದು ಬಿಡಿಸಿ ಹೇಳಿ, ಆಲ್ಟರ್ನೇಟ್ ಎಂಬ ಹೆಸರನ್ನೇ ಕೊಟ್ಟದ್ದು ಈ ಆವೃತ್ತಿ. ಹೆಸರು ಕೊಟ್ಟ ಮೇಲೆ ಮುಂದಿನದು ಸುಲಭವಾಯಿತು. ರೂಟ್ ಪೋರ್ಟಿನ ಕೇಬಲ್ ಕಡಿದ ಕ್ಷಣವೇ ಸ್ವಿಚ್ ತನ್ನ ಆಲ್ಟರ್ನೇಟನ್ನು ರೂಟ್ ಪೋರ್ಟಾಗಿ ಬಡ್ತಿ ಮಾಡುತ್ತದೆ, ಯಾರನ್ನೂ ಕೇಳಬೇಕಿಲ್ಲ. ಆ ದಾರಿ ತನಗಿಂತ ಎತ್ತರದ ಕಡೆಗೆ ಹೋಗುವುದಿಲ್ಲವೆಂದು ಮೊದಲೇ ಖಾತ್ರಿಯಾಗಿದೆ.

ಕೆರೆಯ ಕೆಳಗೆ ಯಾರ ಗದ್ದೆಗೆ ಯಾವಾಗ ನೀರು ಎಂದು ತೀರ್ಮಾನಿಸಲು ನಮ್ಮ ಹಳ್ಳಿಗಳಲ್ಲಿ ನೀರುಗಂಟಿ ಇರುತ್ತಿದ್ದ. ಸ್ವಿಚ್ಚುಗಳಿಗೆ ನೀರುಗಂಟಿ ಇಲ್ಲ ಎಂಬುದು ಈ ವಿಧಾನದ ಹೆಮ್ಮೆ, ಅದರ ಮುಜುಗರವೂ ಅದೇ. ಯಾರೂ ಆದ್ಯತೆ ಹಾಕದೆ ಬಿಟ್ಟರೆ ಮೂವರದೂ 32768, ತೀರ್ಪು ಮ್ಯಾಕ್ ವಿಳಾಸದ್ದು. ಅದರ ಮೊದಲರ್ಧ ತಯಾರಕನ ಗುರುತು, ಉಳಿದರ್ಧ ಅವನು ಹಾಕಿದ ಸಂಖ್ಯೆ. ಒಂದೇ ತಯಾರಕನ ಸ್ವಿಚ್ಚುಗಳಲ್ಲಿ ಹಳೆಯದರ ಸಂಖ್ಯೆ ಚಿಕ್ಕದಿರುವ ಸಂಭವ ಹೆಚ್ಚು. ಹೀಗೆ ನರಸೀಪುರದ ಮೂಲೆಯಲ್ಲಿ ಧೂಳು ಹಿಡಿದ ಹಳೇ ಸ್ವಿಚ್ ಇಡೀ ಜಾಲದ ಸಮುದ್ರವಾಗಿ ಕೂರಬಹುದು. ಆಗ ಮೈಸೂರೂ ನಂಜನಗೂಡೂ ತಮ್ಮ ರೂಟ್ ಪೋರ್ಟನ್ನು ಅತ್ತ ತಿರುಗಿಸುತ್ತವೆ. ಮುಚ್ಚಿಹೋಗುವುದು ಮೈಸೂರು–ನಂಜನಗೂಡು ಬದಿ, ಪ್ರಾಯಶಃ ಅತಿ ಹೆಚ್ಚು ಓಡಾಟವಿರುವ ಬದಿ. ಆಶ್ಚರ್ಯವೆಂದರೆ, ಹೀಗಾದರೂ ಜಾಲ ಕೆಡುವುದಿಲ್ಲ. ಎಲ್ಲರಿಗೂ ಎಲ್ಲರೂ ಸಿಗುತ್ತಾರೆ, ಬಿರುಗಾಳಿ ಏಳುವುದಿಲ್ಲ, ದಾರಿಯಷ್ಟೇ ಅಡ್ಡಾದಿಡ್ಡಿ. ಸುತ್ತು ಇರಬಾರದು ಎಂಬುದಕ್ಕೆ ಯಾವ ತಳವಾದರೂ ಆದೀತು, ದಾರಿ ಚೆನ್ನಾಗಿರಬೇಕು ಎಂಬುದಕ್ಕೆ ಸರಿಯಾದ ತಳವೇ ಬೇಕು. ಮೊದಲನೆಯದನ್ನು ಯಂತ್ರಕ್ಕೆ ಬಿಡಬಹುದು, ಎರಡನೆಯದನ್ನು ಮನುಷ್ಯ ಆದ್ಯತೆಯ ಅಂಕಿ ಹಾಕಿ ಹೇಳಬೇಕು. ಇದನ್ನು ಹೇಳದೆ ಬಿಟ್ಟು ‘ಸ್ಪ್ಯಾನಿಂಗ್ ಟ್ರೀ ಕೆಟ್ಟ ದಾರಿ ಆರಿಸಿತು’ ಎಂದು ದೂರುವುದರಲ್ಲಿ ಅರ್ಥವಿಲ್ಲ. ದುರುದ್ದೇಶದವನೊಬ್ಬ ಇನ್ನೂ ಚಿಕ್ಕ ಅಂಕಿ ಸಾರಿ ತಾನೇ ರೂಟ್ ಎಂದರೆ ನಂಬಿಬಿಡುವಷ್ಟು ಮುಗ್ಧತೆ ಇದಕ್ಕಿದೆ ಎಂಬುದನ್ನು ಒಪ್ಪಬೇಕು. ‘ಈ ಪೋರ್ಟಿನ ಕಡೆಯಿಂದ ರೂಟ್ ಬರಕೂಡದು’ ಎಂದು ಕಾವಲು ಹಾಕುವ ಸೌಲಭ್ಯ ತಯಾರಕರು ಆಮೇಲೆ ಸೇರಿಸಿದ್ದು.

ಈ ವಿಧಾನದ ಆಳದಲ್ಲಿರುವ ದೋಷವೆಂದು ನಾನು ತಿಳಿಯುವುದು ಕೇಬಲ್ ವ್ಯರ್ಥವಾಗುವುದನ್ನಲ್ಲ. ಇಲ್ಲಿ ಮೌನಕ್ಕೆ ಕೊಟ್ಟಿರುವ ಅರ್ಥವೇ ದೋಷ. ಆಲ್ಟರ್ನೇಟ್ ಪೋರ್ಟ್ ಮುಚ್ಚಿರುವುದು ಅತ್ತಲಿಂದ ಬಿಪಿಡಿಯು ಕೇಳಿಸುತ್ತಿರುವವರೆಗೆ. ಕೇಳಿಸದಿದ್ದರೆ ಅದು ‘ಅತ್ತ ಯಾರೂ ಇಲ್ಲ, ಈ ಕೇಬಲ್ಲಿನ ಹೊಣೆ ಇನ್ನು ನನ್ನದು’ ಎಂದುಕೊಂಡು ಡೆಸಿಗ್ನೇಟೆಡ್ ಆಗಿ ತೆರೆದುಕೊಳ್ಳುತ್ತದೆ. ಫೈಬರ್ ಜೋಡಿಯಲ್ಲಿ ಹೋಗಲು ಒಂದು ಎಳೆ, ಬರಲು ಒಂದು ಎಳೆ. ನಂಜನಗೂಡಿನಿಂದ ನರಸೀಪುರಕ್ಕೆ ಬರುವ ಎಳೆಯೊಂದೇ ಕೆಟ್ಟು, ಪೋರ್ಟಿಗೆ ಅದು ಗೊತ್ತಾಗದಿದ್ದರೆ, ಕೇಳಿಸದ ನರಸೀಪುರ ಬಾಗಿಲು ತೆರೆದು ಮಾತಾಡತೊಡಗುತ್ತದೆ, ಒಂದು ದಿಕ್ಕಿನಲ್ಲಿ ಸುತ್ತು ಪೂರ್ತಿಯಾಗುತ್ತದೆ. ಸ್ವಿಚ್ಚಿನ ಮಿದುಳು ಬೇರೆ ಕೆಲಸದಲ್ಲಿ ಮುಳುಗಿ ಸಂದೇಶ ಕಳಿಸಲು ತಡಮಾಡಿದರೂ ಹೀಗೇ. ಆಗ ಏಳುವ ಬಿರುಗಾಳಿ ಉಳಿದ ಸಂದೇಶಗಳನ್ನೂ ನುಂಗಿ ಇನ್ನಷ್ಟು ಬಾಗಿಲುಗಳನ್ನು ತೆರೆಸುತ್ತದೆ. 2002ರ ನವೆಂಬರಿನಲ್ಲಿ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲ ಸುಮಾರು ನಾಲ್ಕು ದಿನ ಕುಸಿದು, ವೈದ್ಯರು ಕಾಗದದ ಚೀಟಿಗಳಿಗೆ ಮರಳಬೇಕಾಯಿತು. ಸ್ಪ್ಯಾನಿಂಗ್ ಟ್ರೀ ತಾಳುವ ಮಿತಿ ಮೀರಿ ಬೆಳೆದಿದ್ದ ಜಾಲ ಅದು. ಮಾನದಂಡ ಇಟ್ಟುಕೊಂಡ ಕಾಲಮಿತಿಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಏಳು ಸ್ವಿಚ್ಚಿನ ದೂರವನ್ನು ಲೆಕ್ಕ ಹಿಡಿದು ಗೊತ್ತುಮಾಡಿದವು. ಅದಕ್ಕಿಂತ ದೂರದಲ್ಲಿ ಸುದ್ದಿ ತಲುಪುವಷ್ಟರಲ್ಲಿ ಹಳಸಿಹೋಗಬಹುದು. ನೀರಿನ ಇಳಿಜಾರನ್ನು ಭೂಮಿ ಹೊತ್ತಿದೆ, ಅದನ್ನು ಎರಡು ಸೆಕೆಂಡಿಗೊಮ್ಮೆ ಹೇಳಿ ನೆನಪಿಸಬೇಕಿಲ್ಲ. ಅಂಕಿಯ ಇಳಿಜಾರು ಹೇಳುತ್ತಿರುವಷ್ಟು ಹೊತ್ತು ಮಾತ್ರ ಇರುತ್ತದೆ. ಮೌನವನ್ನು ಅನುಮತಿಯೆಂದು ತಿಳಿಯದೆ ಅಪಾಯವೆಂದು ತಿಳಿಯುವ ಲೂಪ್ ಗಾರ್ಡ್‌ನಂಥ ಕಾವಲುಗಳು ಈ ಕಾರಣಕ್ಕೇ ಬಂದವು.

ಹಾಗಾದರೆ ಇದನ್ನು ಕೈಬಿಡಬಾರದೇಕೆ? ದೊಡ್ಡ ಜಾಲಗಳು ಕೈಬಿಟ್ಟಿವೆ. ಗ್ರಾಮ ಪಂಚಾಯಿತಿಗಳಿಗೆ ಅಂತರ್ಜಾಲ ಒಯ್ಯುವ ಸರ್ಕಾರಿ ಯೋಜನೆ ಭಾರತ್‌ನೆಟ್‌ನ ಮೊದಲ ಹಂತದಲ್ಲಿ ಎಕ್ಸ್‌ಚೇಂಜಿನಿಂದ ಹೊರಟ ಒಂದು ಫೈಬರನ್ನು ದಾರಿಯಲ್ಲಿ ಸೀಳಿ ಪಂಚಾಯಿತಿಗಳಿಗೆ ಹಂಚುತ್ತಿದ್ದರು. ಅಲ್ಲಿ ಮುಚ್ಚುವುದಕ್ಕೆ ಸುತ್ತೇ ಇರಲಿಲ್ಲ, ಕೇಬಲ್ ಕಡಿದರೆ ಅದರ ಕೆಳಗಿನ ಊರುಗಳಿಗೆ ಬೇರೆ ದಾರಿಯೂ ಇರಲಿಲ್ಲ. 2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ತಿದ್ದಿದ ಯೋಜನೆ ಉಂಗುರದಾಕಾರದ ಜಾಲಕ್ಕೆ ತಿರುಗಿತು. ಆ ಉಂಗುರಗಳನ್ನು ನಡೆಸಬೇಕಾದದ್ದು ರೂಟರುಗಳು, ಆಯಸ್ಸು ಬರೆದ ಪೊಟ್ಟಣಗಳು. ಸ್ಪ್ಯಾನಿಂಗ್ ಟ್ರೀಗೆ ಅಲ್ಲಿ ಕೆಲಸವಿಲ್ಲ. ಸ್ವಿಚ್ಚುಗಳ ಲೋಕದಲ್ಲೂ ಒಂದೇ ಮರಕ್ಕೆ ಜೋತುಬೀಳಬೇಕಿಲ್ಲ ಎಂದು ಮಲ್ಟಿಪಲ್ ಸ್ಪ್ಯಾನಿಂಗ್ ಟ್ರೀ ತೋರಿಸಿತು. ಒಂದೇ ಕೇಬಲ್ಲುಗಳನ್ನು ಹಂಚಿಕೊಂಡ ಜಾಲಗಳಲ್ಲಿ ಒಂದು ಗುಂಪಿಗೆ ಮೈಸೂರು ರೂಟ್, ಇನ್ನೊಂದು ಗುಂಪಿಗೆ ನರಸೀಪುರ ರೂಟ್ ಎಂದು ಮಾಡಿದರೆ ಒಂದೇ ಪೋರ್ಟ್ ಒಂದು ಗುಂಪಿಗೆ ಆಲ್ಟರ್ನೇಟ್, ಇನ್ನೊಂದಕ್ಕೆ ರೂಟ್ ಪೋರ್ಟ್ ಆಗಬಹುದು. ಹೆದ್ದಾರಿಯ ಇಳಿಜಾರೂ ಹೊಳೆಯ ಇಳಿಜಾರೂ ಒಂದೇ ನಕ್ಷೆಯ ಮೇಲೆ ಒಟ್ಟಿಗೆ ಬಾಳಿದ ಹಾಗೆ ಇದು. ಪರ್ಲ್‌ಮನ್ ತಾವೇ ಮುಂದೆ ನಿಂತು ರೂಪಿಸಿದ, 2011ರಲ್ಲಿ ಮಾನದಂಡವಾದ ಟ್ರಿಲ್ ಎಂಬ ವಿಧಾನ ಇನ್ನೂ ಮುಂದೆ ಹೋಯಿತು. ಅದು ಫ್ರೇಮಿಗೆ ಹೊರಗಿನಿಂದ ಒಂದು ಅಂಗಿ ತೊಡಿಸಿ, ಆ ಅಂಗಿಯ ಮೇಲೆ ಈಥರ್ನೆಟ್ ಮರೆತಿದ್ದ ಆಯಸ್ಸಿನ ಅಂಕಣವನ್ನು ಬರೆಯುತ್ತದೆ.

ಇಷ್ಟಾದರೂ ಕಚೇರಿಗಳ, ಕಾಲೇಜುಗಳ, ಕಾರ್ಖಾನೆಗಳ ಸ್ವಿಚ್ಚುಗಳಲ್ಲಿ ಸ್ಪ್ಯಾನಿಂಗ್ ಟ್ರೀಯನ್ನು ಯಾರೂ ನಿಲ್ಲಿಸುವುದಿಲ್ಲ, ಮೇಲಿನ ಜಾಲ ಅದನ್ನು ನೆಚ್ಚದಿದ್ದರೂ. ಕಾರಣ ನಾನು ಕೊನೆಗೆ ಉಳಿಸಿದ ಬ್ಯಾಕಪ್ ಪಾತ್ರದಲ್ಲಿದೆ. ಒಂದೇ ಸ್ವಿಚ್ಚಿನ ಎರಡು ಪೋರ್ಟುಗಳು ಒಂದೇ ತುಂಡು ಜಾಲಕ್ಕೆ ತಾಗಿದಾಗ ಒಂದಕ್ಕೆ ಸಿಗುವ ಪಾತ್ರ ಅದು. ಹಬ್ಬುಗಳಿದ್ದ ಕಾಲದಲ್ಲಿ ಅದಕ್ಕೆ ಅರ್ಥವಿತ್ತು, ಈಗ ಪಠ್ಯಪುಸ್ತಕಗಳು ಅದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆದರೆ ಕಚೇರಿಯಲ್ಲಿ ಮೇಜು ಸರಿಸಿದವರು ನೆಲದ ಮೇಲೆ ಬಿದ್ದಿದ್ದ ವೈರಿನ ಎರಡೂ ತುದಿಯನ್ನು ಗೋಡೆಯ ಎರಡು ಸಾಕೆಟ್ಟಿಗೆ ಸಿಕ್ಕಿಸಿಬಿಡುವುದು ಯಾವ ಕಾಲಕ್ಕೂ ತಪ್ಪಿದ್ದಲ್ಲ. ಆ ಸಾಕೆಟ್ಟುಗಳು ಒಂದೇ ಸ್ವಿಚ್ಚಿನ ಏಳನೆಯ ಮತ್ತು ಹನ್ನೊಂದನೆಯ ಪೋರ್ಟಿಗೆ ಸೇರಿವೆ ಎನ್ನಿ. ಏಳನೆಯ ಪೋರ್ಟಿನಿಂದ ಹೊರಟ ಬಿಪಿಡಿಯು ಹನ್ನೊಂದನೆಯ ಪೋರ್ಟಿಗೆ ಬಂದು ಸೇರುತ್ತದೆ. ರೂಟ್ ಅದೇ, ವೆಚ್ಚ ಅದೇ, ಕಳಿಸಿದವನ ಗುರುತು ನೋಡಿದರೆ ತನ್ನದೇ. ಮೊದಲ ಮೂರು ಅಂಕಿಯೂ ಸಮ. ನಾಲ್ಕನೆಯದಾದ ಪೋರ್ಟಿನ ಗುರುತಿನಲ್ಲಿ ಏಳು ಹನ್ನೊಂದಕ್ಕಿಂತ ಚಿಕ್ಕದು. ಏಳು ಡೆಸಿಗ್ನೇಟೆಡ್ ಆಗಿ ಉಳಿಯುತ್ತದೆ, ಹನ್ನೊಂದು ಬ್ಯಾಕಪ್ ಆಗಿ ಮುಚ್ಚುತ್ತದೆ, ವೈರು ಸಿಕ್ಕಿಸಿದವರಿಗೆ ಏನೂ ಗೊತ್ತಾಗುವುದಿಲ್ಲ.